ಗುರಲಿಂಗಪ್ಪನ ಎರಡು ಹಂತದ ಕ್ಲಚ್ಚು

ರಿಟೈರ್ ಆದ ಗಂಡಸಿಗೆ ಮನೆಯಲ್ಲಿ ಸಿಗುವ ಮರ್ಯಾದೆಯ ಬಗ್ಗೆ ಗುರಲಿಂಗಪ್ಪನಿಗೆ ದೊಡ್ಡ ತಕರಾರಿತ್ತು. ಕಾಂದಿವಲಿಯ ಟ್ರ್ಯಾಕ್ಟರ್ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು, ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಹಾಕಿಸಿಕೊಂಡು (ಗಡಿಯಾರವನ್ನು ಕೈಗೇ ಕೊಟ್ಟರು ಅನ್ನಿ) ಮನೆಗೆ ಬಂದ ಮನುಷ್ಯನಿಗೆ ಮಾರನೇ ದಿನವೇ ಹೆಂಡತಿ ದಯಪಾಲಿಸಿದ ಹುದ್ದೆ ಯಾವುದು ಗೊತ್ತೇ? ಸಗಣಿ ಗೊಬ್ಬರ ಜರಡಿ ಹಿಡಿಯುವುದು! ಅದೂ ಪ್ರೊಬೇಷನ್ ಮೇಲೆ. ಗಂಟು ಉಳಿದರೆ ಮತ್ತೆ ಹಿಡಿಯಬೇಕು.

ಹೆಂಡತಿ ಶಿವಕುಮಾರಿಯದು ಗಿಡಗಳ ನರ್ಸರಿ. ಇಂಡಸ್ಟ್ರಿಯಲ್ ಎಸ್ಟೇಟಿನ ಗೋಡೆಗೆ ಒರಗಿಕೊಂಡಿರುವ ಉದ್ದನೆಯ ಪಟ್ಟಿ ಜಾಗದಲ್ಲಿ ತುಳಸಿ, ಮೊಗರಾ ಮಲ್ಲಿಗೆ, ದಾಸವಾಳ, ಮನಿ ಪ್ಲಾಂಟು, ಹೆಸರು ಗೊತ್ತಿಲ್ಲದಿದ್ದರೂ ದುಬಾರಿಗೆ ಹೋಗುವ ಇನ್ನೊಂದಷ್ಟು. ಹನ್ನೆರಡು ವರ್ಷದ ಹಿಂದೆ ನಾಲ್ಕು ಎಣ್ಣೆ ಡಬ್ಬಿಯಲ್ಲಿ ಶುರು ಮಾಡಿದವಳು ಈಗ ಒಂದು ಸಣ್ಣ ಟೆಂಪೊ ಇಟ್ಟಿದ್ದಾಳೆ. ಅದನ್ನು ಓಡಿಸುವುದೂ ಅವಳೇ. ಗುರಲಿಂಗಪ್ಪನ ಬಳಿ ಲೈಸೆನ್ಸೇ ಇಲ್ಲ. ‘ಗಾಡಿ ತಯಾರ್ ಮಾಡೋ ಮಂದಿ ಗಾಡಿ ಹೊಡಿಯೂದಿಲ್ಲ’ ಎಂದು ಕೇಳಿದವರಿಗೆಲ್ಲ ಗಂಭೀರವಾಗಿ ಹೇಳುತ್ತಿದ್ದ.

ಇಷ್ಟೆಲ್ಲ ಅವಮಾನದ ನಡುವೆಯೂ ಅವನ ಬೆನ್ನು ನೆಟ್ಟಗಿಟ್ಟದ್ದು ಒಂದೇ ಮಾತು: ಕ್ಲಚ್ ಸೆಕ್ಷನ್. ‘ನಾನು ಮೂವತ್ತೊಂದು ವರ್ಷ ಕ್ಲಚ್ ಸೆಕ್ಷನ್ನಿನಾಗ ಇದ್ದಾಂವ’ ಎಂದು ಅವನು ಹೇಳಿದರೆ ಇಂಡಿ ತಾಲೂಕಿನ ಅವನ ಬೀಗರೆಲ್ಲ ಎದ್ದು ಕೂತು ಚಹಾ ಕೊಡುತ್ತಿದ್ದರು. ಈಗ ನಿಮಗೊಂದು ಗುಟ್ಟು ಹೇಳುತ್ತೇನೆ, ದಯವಿಟ್ಟು ಶಿವಕುಮಾರಿಯ ಕಿವಿಗೆ ಹಾಕಬೇಡಿ. ಗುರಲಿಂಗಪ್ಪ ಒಂದೇ ಒಂದು ದಿನವೂ ಕ್ಲಚ್ ಸೆಕ್ಷನ್ನಿನಲ್ಲಿ ಇರಲಿಲ್ಲ. ಅವನಿದ್ದದ್ದು ಕಟ್ಟಕಡೆಯ ಸ್ಟೇಷನ್ನಿನಲ್ಲಿ. ಟ್ರ್ಯಾಕ್ಟರೆಲ್ಲ ತಯಾರಾಗಿ, ಬಣ್ಣ ಬಳಿಸಿಕೊಂಡು, ಹೊರಗೆ ಹೊರಡುವ ಮುಂಚೆ ಅದರ ಮೇಲೆ ಸೀಟು ಕೂರಿಸುವುದು. ನಾಲ್ಕು ಬೋಲ್ಟು. ಬಿಗಿ ಮಾಡು, ಒಮ್ಮೆ ಕೈಯಿಂದ ಅಲುಗಾಡಿಸು, ಮುಂದಿನದು. ಮೂವತ್ತೊಂದು ವರ್ಷ.

ಸುಳ್ಳು ಹುಟ್ಟಿದ್ದು ಹೆಣ್ಣು ನೋಡಲು ಹೋದ ದಿನ. ಶಿವಕುಮಾರಿಯ ಅಪ್ಪ, ಹತ್ತು ಜನರ ಎದುರಿಗೆ, ‘ಕಾರಖಾನ್ಯಾಗ ಏನ್ ಕೆಲಸ ತಮ್ಮಾ?’ ಎಂದು ಕೇಳಿದರು. ‘ಸೀಟು ಕೂಡಸ್ತೀನ್ರಿ’ ಎಂದು ಹೇಳಲು ಬಾಯಿ ತೆರೆದ ಹುಡುಗ ಬಾಗಿಲ ಸಂದಿಯಲ್ಲಿ ಹಸಿರು ಬಳೆಯ ಕೈಯೊಂದನ್ನು ಕಂಡು ‘ಕ್ಲಚ್ಚು’ ಎಂದುಬಿಟ್ಟ. ಆಮೇಲೆ ಮದುವೆಯಾಯಿತು, ಮಾತು ವಾಪಸ್ ತೆಗೆದುಕೊಳ್ಳಲು ಒಳ್ಳೆಯ ಮುಹೂರ್ತವೇ ಸಿಗಲಿಲ್ಲ.

ಈ ಗುಟ್ಟು ಗೊತ್ತಿದ್ದ ಪ್ರಾಣಿ ಇಡೀ ಕಾಂದಿವಲಿಯಲ್ಲಿ ಒಂದೇ. ಅದು ದೂಜ ಪೂಜಾರಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದು ರಿಟೈರ್ ಆದ ಮೇಲೆ ನರ್ಸರಿಯ ಗೇಟಿನ ಪಕ್ಕದಲ್ಲೇ ಇಡ್ಲಿ-ದೋಸೆಯ ಹೋಟೆಲು ಹಾಕಿದ್ದ. ಪ್ರತಿ ಸ್ಟೇಷನ್ನಿಗೂ ಚಾ ಹೊತ್ತ ಮನುಷ್ಯ. ‘ಗುರಲಿಂಗಪ್ಪಣ್ಣ, ನಾನು ನಿಮಗೆ ಚಾ ಕೊಡ್ತಿದ್ದದ್ದು ಆ ಕಡೇ ಮೂಲೆಯಲ್ಲಿ ಅಲ್ವಾ ಮಾರಾಯ್ರೆ?’ ಎಂದು ಅವನು ಶುರು ಮಾಡಿದಾಗಲೆಲ್ಲ ಗುರಲಿಂಗಪ್ಪನಿಗೆ ಜೋರು ಕೆಮ್ಮು ಬರುತ್ತಿತ್ತು. ಪಾಪ, ದೂಜ ಕೂಡಲೇ ಶುಂಠಿ ಕಷಾಯ ಮಾಡಿಕೊಡುತ್ತಿದ್ದ. ಆ ವರ್ಷ ಗುರಲಿಂಗಪ್ಪ ಕುಡಿದ ಕಷಾಯಕ್ಕೆ ಲೆಕ್ಕವಿಲ್ಲ.

ಹೀಗಿರುವಾಗ ಶಿವಕುಮಾರಿಗೆ ಒಂದು ದೊಡ್ಡ ಕೆಲಸ ಸಿಗುವ ಹಾಗಾಯಿತು. ಹತ್ತಿರದ ಏಳು ಟವರಿನ ಕಾಂಪ್ಲೆಕ್ಸಿನ ತೋಟಕ್ಕೆ, ಒಳಗಿನ ರಸ್ತೆಯ ಸಾಲು ಗಿಡಗಳಿಗೆ ವರ್ಷವಿಡೀ ನೀರು ಹಾಕುವ ಕಂಟ್ರಾಕ್ಟು. ಸೊಸೈಟಿಯ ಸೆಕ್ರೆಟರಿ ವಿಜೇತಾ ಎಂಬ ಚುರುಕು ಹುಡುಗಿ. ಅಪ್ಪ ಅಮ್ಮ ಕಾರ್ಕಳದ ಕಡೆಯವರು, ಇವಳು ಮುಂಬಯಿಯಲ್ಲೇ ಹುಟ್ಟಿದವಳು.

“ಆಂಟಿ, ನನ್ನ ಕನ್ನಡ ಥೋಡಾ ವೀಕ್ ಉಂಟು,” ಎಂದಳು. “ಲೇಕಿನ್ ಒಂದೇ ಕಂಡೀಷನ್. ಗಾಡಿ ಗಿಡದ ಸಾಮ್ನೆ ಖಡಾ ಇರಬೇಕು, ಪಾನಿ ಚಾಲೂ ಇರಬೇಕು. ಹೋದ ವರ್ಷದವ ಗಾಡಿ ಚಲ್ತಾ ಚಲ್ತಾ ಪಾನಿ ಹೊಡೆದು ಎಲ್ಲರ ಕಾರ್ ತೊಳೆದ. ಸಂಡೇ ಹತ್ತು ಗಂಟೆಗೆ ಡೆಮೋ ಕೊಡಿ. ಕಮಿಟಿಯವರು ನೋಡ್ತಾರೆ.”

ಇದಕ್ಕೆ ಬೇಕಾದದ್ದು ಒಂದು ಟ್ರ್ಯಾಕ್ಟರು, ಹಿಂದೆ ಪಂಪಿರುವ ಒಂದು ಟ್ಯಾಂಕರು. ಆರೇ ಕಾಲೋನಿಯ ಒಂದು ತಬೇಲಾದಲ್ಲಿ ಎಮ್ಮೆಗಳ ಮೇಲ್ವಿಚಾರಣೆ ಮಾಡುವ ಶರಣಬಸಪ್ಪ ಶಿವಕುಮಾರಿಯ ತವರೂರಿನ ಕಡೆಯವನು. ಮೂಲೆಯಲ್ಲಿ ನಿಂತಿದ್ದ ಹಳೇ ನೀಲಿ ಟ್ರ್ಯಾಕ್ಟರೊಂದನ್ನು ಟ್ಯಾಂಕರಿನ ಸಮೇತ ಕೊಟ್ಟ. “ಅಕ್ಕಾ, ಐತವಾರ ಕೆಲಸ ಸಿಕ್ತಂದ್ರ ಇಟ್ಕೋರಿ, ಕಂತಿನ ಮ್ಯಾಲ ಕೊಡ್ರಿ. ಸಿಗಲಿಲ್ಲಂದ್ರ ಸೋಮವಾರ ತಂದು ನಿಲ್ಲಸ್ರಿ, ಗುಜರಿಯವ ಕೇಳ್ಯಾನ,” ಎಂದ. ಗುರುವಾರ ಬೆಳಿಗ್ಗೆ ಶಿವಕುಮಾರಿ ಅದನ್ನು ಓಡಿಸಿಕೊಂಡು ಬಂದಳು. ಗುರಲಿಂಗಪ್ಪ ಮಡ್‌ಗಾರ್ಡಿನ ಮೇಲೆ ಕೂತು ದಾರಿಯುದ್ದಕ್ಕೂ ಸಿಗ್ನಲ್ಲಿನ ಬಣ್ಣ ಹೇಳುತ್ತಾ ಬಂದ.

ನರ್ಸರಿಯಲ್ಲಿ ಪರೀಕ್ಷೆ ಮಾಡಿದಾಗ ಕಾಯಿಲೆ ಹೊರಬಿತ್ತು. ಈ ಜಾತಿಯ ಟ್ರ್ಯಾಕ್ಟರಿನ ಕ್ಲಚ್ಚಿಗೆ ಎರಡು ಹಂತ. ಪೆಡಲನ್ನು ಅರ್ಧ ತುಳಿದರೆ ಗಾಡಿ ನಿಲ್ಲಬೇಕು, ಹಿಂದಿನ ಪಂಪು ತಿರುಗುತ್ತಲೇ ಇರಬೇಕು. ಪೂರ್ತಿ ತುಳಿದರೆ ಪಂಪೂ ನಿಲ್ಲಬೇಕು. (ಗುರಲಿಂಗಪ್ಪನ ಪ್ರಕಾರ ಶಿವಕುಮಾರಿಯದೂ ಇದೇ ರಚನೆ. ಅರ್ಧ ತಡೆದರೆ ಕೈ ನಿಲ್ಲುತ್ತದೆ, ಬಾಯಿ ನಡೆಯುತ್ತಿರುತ್ತದೆ. ಪೂರ್ತಿ ನಿಲ್ಲಿಸುವ ಪೆಡಲು ಅವನಿಗೆ ಇನ್ನೂ ಸಿಕ್ಕಿಲ್ಲ.) ಈ ನೀಲಿ ಮಹಾಶಯನದು ಬೇರೆಯೇ ಸ್ವಭಾವ. ಅರ್ಧ ತುಳಿದರೆ ಎರಡೂ ಒಟ್ಟಿಗೇ ನಿಂತುಬಿಡುತ್ತಿದ್ದವು. ಗಾಡಿ ನಿಂತರೆ ನೀರಿಲ್ಲ, ನೀರು ಬೇಕಾದರೆ ಗಾಡಿ ಓಡಬೇಕು. ವಿಜೇತಾ ಬೇಡವೇ ಬೇಡ ಎಂದಿದ್ದು ಅದನ್ನೇ.

“ಭಿವಂಡಿ ಮೆಕ್ಯಾನಿಕ್ಕಗ ಫೋನ್ ಹಚ್ಚಿದ್ದೆ, ಬುಧವಾರ ಬರ್ತೀನಂದ,” ಎಂದಳು ಶಿವಕುಮಾರಿ. ಗುರಲಿಂಗಪ್ಪ ನಿಟ್ಟುಸಿರು ಬಿಟ್ಟು, “ಹಂಗಾರ ದೈವ ಇದ್ದಂಗ ಆಗತೈತಿ” ಎನ್ನುವಷ್ಟರಲ್ಲಿ ಅವಳ ಮುಖ ಬೆಳಗಿತು. “ಆದ್ರ ಡೆಮೋ ಐತವಾರನs ಐತಿ, ಬುಧವಾರ ತನಕ ನಾವ್ಯಾಕ ಕಾಯೋಣ್ರಿ? ಮನ್ಯಾಗs ಕ್ಲಚ್ಚಿನ ಮನಷ್ಯಾ ಇರಬೇಕಾದ್ರ ಹೊರಗಿನಾವ ಯಾಕ ಬೇಕು? ನೀವs ಮಾಡ್ರಿ!”

ಹೆಂಡತಿ ಹೀಗೆ ಕಣ್ಣರಳಿಸಿ ನೋಡಿ ಎಷ್ಟು ವರ್ಷವಾಗಿತ್ತೋ! ಗೊಬ್ಬರದ ಜರಡಿಯನ್ನು ಬದಿಗಿಟ್ಟು ಗುರಲಿಂಗಪ್ಪ ಎದ್ದು ನಿಂತ. ಮೀಸೆಯ ಎರಡೂ ತುದಿ ಮುಟ್ಟಿ ನೋಡಿಕೊಂಡ. “ಅದೇನ್ ದೊಡ್ಡ ಕೆಲಸಲ್ಲ ಬಿಡು,” ಎಂದ. ಬಾಯಿ ಹಾಗೆಂದಿತು, ಕಾಲು ಮಾತ್ರ ದೂಜನ ಕಷಾಯದ ಕಡೆ ಹೊರಟಿತು.

ಶುಕ್ರವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಕ್ಲಚ್ಚು ಇರುವುದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ಅದರ ದರ್ಶನವಾಗಬೇಕಾದರೆ ಟ್ರ್ಯಾಕ್ಟರನ್ನು ನಡುಮಧ್ಯ ಬೇರೆ ಮಾಡಬೇಕು. ಎಸ್ಟೇಟಿನಿಂದ ಭಾರ ಎತ್ತುವ ಚೈನ್ ಬ್ಲಾಕು, ಜಾಕು, ಮರದ ದಿಮ್ಮಿಗಳು ಬಂದವು. ಗುರಲಿಂಗಪ್ಪ ಮೊದಲ ಬೋಲ್ಟಿಗೆ ಪಾನಾ ಹಾಕಿ ತಿರುವಿದ. ಅದು ಇನ್ನಷ್ಟು ಬಿಗಿಯಾಯಿತು. ಇನ್ನೊಮ್ಮೆ ತಿರುವಿದ, ಮತ್ತೂ ಬಿಗಿಯಾಯಿತು. ಅವನದು ತಪ್ಪಲ್ಲ ಸ್ವಾಮಿ. ಮೂವತ್ತೊಂದು ವರ್ಷ ಆ ಕೈ ಒಂದೇ ದಿಕ್ಕಿಗೆ ತಿರುಗಿತ್ತು, ಬಿಚ್ಚುವ ದಿಕ್ಕು ಅದಕ್ಕೆ ಪರಿಚಯವೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರು ಎರಡು ಭಾಗವಾಗಿ, ಮುಂಭಾಗ ದಿಮ್ಮಿಯ ಮೇಲೆ, ಹಿಂಭಾಗ ಜಾಕಿನ ಮೇಲೆ ನಿಂತಿತು. ಎಸ್ಟೇಟಿನ ಅರ್ಧ ಜನ ಊಟ ಬಿಟ್ಟು ನೋಡಲು ಬಂದರು. ದೂಜ ಸೌಟು ಹಿಡಿದುಕೊಂಡೇ ಬಂದ.

“ಗುರಲಿಂಗಪ್ಪಣ್ಣ, ಇದು ವಾಪಸ್ ಕೂಡ್ತದಾ ಮಾರಾಯ್ರೆ?”

“ನೀ ನಿನ್ನ ಸಾಂಬಾರ ನೋಡ್ಕೋ ಹೋಗೋ,” ಎಂದು ಗುರಲಿಂಗಪ್ಪ ಗದರಿದ.

ಕ್ಲಚ್ಚನ್ನು ಬಿಚ್ಚಿ ಒಂದು ಪೆಟ್ಟಿಗೆಯ ಮೇಲೆ ಮಲಗಿಸಿದ್ದಾಯಿತು. ನಡುವೆ ಬೆರಳಿನಂಥ ಮೂರು ಕಬ್ಬಿಣದ ಪಟ್ಟಿಗಳು ಮೇಲೆದ್ದು ನಿಂತಿದ್ದವು, ಪ್ರತಿ ಬೆರಳನ್ನು ಏರಿಸಿ ಇಳಿಸಲು ಒಂದು ನಟ್ಟು, ಪಕ್ಕದಲ್ಲಿ ಒಂದೊಂದು ಸ್ಕ್ರೂ. ಆ ಮೂರೂ ಬೆರಳು ಒಂದೇ ಎತ್ತರದಲ್ಲಿರಬೇಕು ಎಂಬುದು ಮಾತ್ರ ಎಲ್ಲೋ ಕೇಳಿದ ನೆನಪು. ಗುರಲಿಂಗಪ್ಪ ಅಲ್ಲಿಷ್ಟು ತಿರುವಿದ, ಇಲ್ಲಿಷ್ಟು ತಿರುವಿದ. ಸ್ಕ್ರೂಗಳ ಕೆಳಗೆ ಎಷ್ಟು ಸಂದು ಬಿಡಬೇಕೆಂದು ತಿಳಿಯದೆ ತನ್ನ ಕಿರುಬೆರಳನ್ನೇ ತೂರಿಸಿ ಅಂದಾಜು ಮಾಡಿದ. ಕಡೆಗೆ ಒಂದು ಊಟದ ತಾಟು ತರಿಸಿ ಮೂರೂ ಬೆರಳಿನ ಮೇಲೆ ಬೋರಲಾಗಿಟ್ಟು ಅಂಚನ್ನು ಒತ್ತಿದ. ತಾಟು ಅಲುಗಾಡಲಿಲ್ಲ. ಸೀಟು ಕೂರಿಸಿ ಅಲುಗಾಡಿಸಿ ನೋಡಿದ ಕೈಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

“ನೋಡಿದೇನು? ಹಂದಾಡೂದಿಲ್ಲ! ಪಕ್ಕಾ ಮಟ್ಟಸ ಆಗೇತಿ!”

ಶಿವಕುಮಾರಿ ಹೆಮ್ಮೆಯಿಂದ ಸುತ್ತಲಿನವರನ್ನು ನೋಡಿದಳು. ನಾಲ್ಕು ಗಂಟೆಗೆಲ್ಲ ಟ್ರ್ಯಾಕ್ಟರು ಮತ್ತೆ ಒಂದಾಯಿತು. (ಬಿಗಿ ಮಾಡುವ ಕೆಲಸ ನೋಡಿ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ.)

ಪರೀಕ್ಷೆಗೆ ಗುರಲಿಂಗಪ್ಪ ಸ್ವತಃ ಸೀಟೇರಿದ. ನರ್ಸರಿಯೊಳಗೆ ಲೈಸೆನ್ಸ್ ಯಾರು ಕೇಳುತ್ತಾರೆ? ಶಿವಕುಮಾರಿ ದಪ್ಪ ಪೈಪು ಹಿಡಿದು ಮೊಗರಾ ಸಾಲಿನ ಎದುರು ನಿಂತಳು. ಇಂಜಿನ್ನು ಗುಡುಗಿತು, ಪಂಪು ತಿರುಗಿತು, ನೀರು ಚಿಮ್ಮಿತು. ಗುರಲಿಂಗಪ್ಪ ಅರ್ಧ ಪೆಡಲು ತುಳಿದ. ನಿಲ್ಲಬೇಕಾದ ಗಾಡಿ ಕುಪ್ಪಳಿಸುತ್ತಾ ಗೇಟಿನ ಕಡೆ ಹೊರಟಿತು. ಗಾಬರಿಯಲ್ಲಿ ಪೂರ್ತಿ ತುಳಿದ. ಗಾಡಿಯೇನೋ ನಿಂತಿತು, ನೀರು ನಿಲ್ಲಲಿಲ್ಲ. ಪಂಪಿನ ಲಿವರು ಎಳೆದ, ಗೇರು ಕಟಕಟನೆ ಹಲ್ಲು ಕಡಿಯಿತೇ ಹೊರತು ಬಿಡಲಿಲ್ಲ. ಇಂಜಿನ್ ನಿಲ್ಲಿಸುವ ಗುಂಡಿ ಎಳೆದ, ಅದು ತಂತಿಯ ಸಮೇತ ಕೈಗೆ ಬಂತು.

“ಬಂದ್ ಮಾಡ್ರೀ!”

“ಬಂದ್ ಆಗವಲ್ದು!”

ಗಾಡಿ ಕುಪ್ಪಳಿಸಿದ ಏಟಿಗೆ ಪೈಪು ಶಿವಕುಮಾರಿಯ ಕೈ ತಪ್ಪಿಸಿಕೊಂಡು, ಒಂದು ಸುತ್ತು ತಿರುಗಿ, ಬಾಯಿಯನ್ನು ನೆಟ್ಟಗೆ ದೂಜನ ಹೋಟೆಲಿನ ಕಡೆ ಮಾಡಿ ನಿಂತುಬಿಟ್ಟಿತು. ಮಾರನೇ ದಿನಕ್ಕೆಂದು ಆಗಷ್ಟೇ ರುಬ್ಬಿ ಮುಂದುಗಡೆ ಇಟ್ಟಿದ್ದ ಎರಡು ದೊಡ್ಡ ಪಾತ್ರೆಗಳಿಗೆ ನೇರ ಅಭಿಷೇಕ. ಇಡ್ಲಿ ಹಿಟ್ಟು ದೋಸೆ ಹಿಟ್ಟಾಯಿತು. ದೋಸೆ ಹಿಟ್ಟು ನೀರುದೋಸೆ ಹಿಟ್ಟಾಯಿತು. ಆಮೇಲೆ ಎರಡೂ ಬರೀ ನೀರಾಗಿ ರಸ್ತೆಗಿಳಿದವು. ಶಿವಕುಮಾರಿ ಓಡಿಬಂದು ಡೀಸೆಲ್ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದಳು. ಪೈಪಿನಲ್ಲಿ ಉಳಿದ ಡೀಸೆಲ್ ಕುಡಿದು ಮುಗಿಸಲು ಇಂಜಿನ್ನು ಇನ್ನೂ ಎರಡು ನಿಮಿಷ ತೆಗೆದುಕೊಂಡಿತು.

ತಲೆಯಿಂದ ಹಿಟ್ಟು ಇಳಿಯುತ್ತಿದ್ದ ದೂಜ ಹೊರಗೆ ಬಂದ. ಹನ್ನೊಂದು ತಿಂಗಳು ಕಷಾಯ ಕೊಟ್ಟು ಕಾಪಾಡಿದ ಗುಟ್ಟು ಆ ಕ್ಷಣದಲ್ಲಿ ಒಡೆಯಿತು.

“ಮಂಡೆ ಸಮ ಉಂಟಾ ನಿಮಗೆ? ಮೂವತ್ತೊಂದು ವರ್ಷ ಸೀಟು ಕೂರಿಸಿದ ಜನ ಕ್ಲಚ್ಚಿಗೆ ಕೈ ಹಾಕಿದ್ರೆ ಇನ್ನೆಂಥ ಆಗ್ತದೆ ಮಾರಾಯ್ರೆ!”

ಗುರಲಿಂಗಪ್ಪ ಕೆಮ್ಮಿದ. ಪ್ರಯೋಜನವಾಗಲಿಲ್ಲ.

ಶಿವಕುಮಾರಿ ಒದ್ದೆ ಸೆರಗು ಹಿಂಡಿಕೊಂಡು ಬಂದು ಮಗುಚಿಟ್ಟ ಕುಂಡದ ಮೇಲೆ ಕುಳಿತಳು. ಅವಳು ಬೈದಿದ್ದರೆ ಗುರಲಿಂಗಪ್ಪನಿಗೆ ಅಭ್ಯಾಸವಿತ್ತು, ಸುಮ್ಮನಿದ್ದರೆ ಹೇಗಿರಬೇಕೆಂದು ಗೊತ್ತಿರಲಿಲ್ಲ.

“ಸೀಟು?” ಎಂದಳು ಕಡೆಗೆ.

“ಹೂಂ.”

“ಬರೇ ಸೀಟು?”

“ಕೆಲವು ಸಲ ಕನ್ನಡಿನೂ ಹಚ್ಚತಿದ್ದೆ. ರಜಾದಾಗ ಯಾರರ ಹೋದಾಗ.”

“ಅಯ್ಯ ನನ್ನ ಕರ್ಮವೇ! ನಮ್ಮ ದೇವಕ್ಕಗ ನಾ ಏನಂತ ಹೇಳೀನಿ ಗೊತ್ತೈತೇನ್ರಿ? ಗಂಡ ಪಿ.ಎಸ್.ಐ. ಅಂತ ಮೆರಿತಿದ್ಲು ನನ್ನ ತಂಗಿ. ‘ನಿನ್ನ ಗಂಡ ಸೀಟಿ ಊದಿದ್ರ ಒಂದು ರಸ್ತೆ ನಿಲ್ಲತೈತಿ, ನನ್ನ ಗಂಡ ಇಲ್ಲಂದ್ರ ದೇಶದಾಗ ಒಂದು ಟ್ರ್ಯಾಕ್ಟರೂ ನಿಲ್ಲೂದಿಲ್ಲ’ ಅಂತ ಅಕಿ ಮಗಳ ಮದುವ್ಯಾಗ ನೂರು ಮಂದಿ ಮುಂದ ಹೇಳೀನಿ! ಈಗ ನಾ ಯಾವ ಮುಖ ಇಟ್ಕೊಂಡು ಊರಿಗೆ ಹೋಗ್ಲಿ?”

ಅಷ್ಟು ಹೇಳಿ ಅವಳು ಅತ್ತಳು. ಊರಿನ ಮರ್ಯಾದೆಗಾಗಿ ಅತ್ತದ್ದಲ್ಲ ಎಂದು ಗುರಲಿಂಗಪ್ಪನಿಗೆ ತಿಳಿಯಿತು. “ಹನ್ನೆರಡು ವರ್ಷ ಬಾಲ್ಡಿಲೆ ನೀರು ಹೊತ್ತೀನ್ರಿ. ಮೊಣಕಾಲು ಮಡಚಾಕ ಬರವಲ್ದು. ಈ ಕೆಲಸ ಸಿಕ್ಕಿತ್ತಂದ್ರ ಬಾಲ್ಡಿ ಬಿಡತಿದ್ದೆ. ಇಬ್ಬರು ಹೆಣ್ಣಮಕ್ಕಳನ್ನ ಕೆಲಸಕ್ಕ ಇಟ್ಕೋಬೇಕು ಅಂದಿದ್ದೆ. ನೀವು ಮೊದಲs ಖರೇ ಹೇಳಿದ್ರ ಅಂಧೇರಿಯಿಂದರ ಯಾರನ್ನಾರ ಹಿಡಕೊಂಡು ಬರತಿದ್ದೆ.”

ಗುರಲಿಂಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈಯಲ್ಲಿದ್ದ ಗುಂಡಿಯ ತಂತಿಯನ್ನು ಸೀಟಿನ ಮೇಲಿಟ್ಟ. ಆಮೇಲೆ ಜೇಬಿನಿಂದ ಫೋನು ತೆಗೆದ. ನಿಜವಾದ ಕ್ಲಚ್ ಸೆಕ್ಷನ್ನಿನ ಮನುಷ್ಯನೊಬ್ಬನಿದ್ದ, ಅಣವೀರಪ್ಪ. ಈಗ ಸೊಲ್ಲಾಪುರದಲ್ಲಿ ಮಗಳ ಮನೆಯಲ್ಲಿದ್ದಾನೆ. ಮದುವೆಯಾದಂದಿನಿಂದ ಗುರಲಿಂಗಪ್ಪ ಅವನಿಗೆ ಹೆದರಿ ಓಡಾಡಿದ್ದ. ಅವನನ್ನು ಒಮ್ಮೆಯೂ ಮನೆಗೆ ಕರೆದಿರಲಿಲ್ಲ. ಈಗ ಸ್ಪೀಕರ್ ಹಾಕಿ, ಹೆಂಡತಿಯ ಎದುರಿಗೇ ನಂಬರು ಒತ್ತಿದ.

“ಯಾರು? ಸೀಟ್ ಗುರಲಿಂಗನೇನೋ?” ಎಂದು ಅಣವೀರಪ್ಪ ಕೂಗಿದ. ನರ್ಸರಿಯ ತುಳಸಿ ಗಿಡಗಳಿಗೂ ಕೇಳಿಸಿತು.

“ಹೌದಪಾ, ಸೀಟ್ ಗುರಲಿಂಗ,” ಎಂದು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

“ಸೀಟಿನಾಂವ ನಿನಗ ಕ್ಲಚ್ಚಿನ ಉಸಾಬರಿ ಯಾಕ ಬೇಕಿತ್ತೋ? ಇರಲಿ, ಕೇಳು. ಮೂರೂ ಬೆರಳು ಒಂದs ಮಟ್ಟ, ಮಟ್ಟ ತಪ್ಪಿದ್ರ ಗಾಡಿ ಕುಪ್ಪಳಸತೈತಿ. ಮೂರೂ ಸ್ಕ್ರೂದ ಕೆಳಗ ಎರಡು ಮಿಲಿಮೀಟರ್ ಸಂದು. ಸಂದು ಇಲ್ಲಂದ್ರ ಎರಡೂ ಒಮ್ಮಿಗೇ ನಿಲ್ತಾವ, ಮೊದಲಿಗೆ ನಿನಗ ಆಗಿದ್ದು ಅದs. ಸಂದು ಜಾಸ್ತಿ ಆತಂದ್ರ ಪಂಪು ನಿಲ್ಲೂದs ಇಲ್ಲ. ಎಷ್ಟು ಬಿಟ್ಟಿದ್ದಿ?”

“ಕಿರುಬೆರಳು.”

ಸೊಲ್ಲಾಪುರದಿಂದ ಐದು ನಿಮಿಷ ನಗು ಬಂತು.

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರು ಎರಡನೇ ಸಲ ಎರಡಾಯಿತು. ಈ ಸಲ ನೋಡಲು ಯಾರೂ ಬರಲಿಲ್ಲ, ಎಲ್ಲರಿಗೂ ಒದ್ದೆಯಾಗುವ ಭಯ. ಗುರಲಿಂಗಪ್ಪ ನಟ್ಟು ತಿರುವಿ, ಮತ್ತೆ ತಾಟು ಬೋರಲಿಟ್ಟು, “ಹಂದಾಡೂದಿಲ್ಲ” ಎಂದ.

“ಹೆಂಗ ಹಂದಾಡೀತ್ರಿ?” ಎಂದಳು ಶಿವಕುಮಾರಿ, ಒಳ್ಳೇ ದಡ್ಡನನ್ನು ನೋಡುವ ಹಾಗೆ ನೋಡುತ್ತಾ. “ಮೂರು ಕಲ್ಲಿನ ಒಲಿ ಹೂಡಿ ಅಡಿಗಿ ಮಾಡಿದಾಕಿ ನಾನು. ಮೂರು ಕಲ್ಲು ಹೆಂಗs ಇಡ್ರಿ, ಗಡಿಗಿ ಅಲ್ಲಾಡೂದಿಲ್ಲ. ನಾಕನೇದು ಇದ್ರ ಅಲ್ಲಾಡತೈತಿ. ಆದ್ರ ಮಟ್ಟ ತಪ್ಪಿದ್ರ ಗಡಿಗಿ ಒಂದು ಬಾಜೂಕ ವಾಲತೈತಿ, ಆ ಬಾಜೂಕs ಉಕ್ಕತೈತಿ. ತಾಟು ಅಂಗಾತ ಇಟ್ಟು ನೀರು ಹಾಕ್ರಿ!”

ನಾಲ್ಕು ಬೋಲ್ಟಿನ ಸೀಟು ಕೂರಿಸಿದವನಿಗೆ ಮೂರು ಕಾಲಿನ ವಿದ್ಯೆ ಎಲ್ಲಿಂದ ಬರಬೇಕು? ಆದರೆ ನೀರಿಡಲು ಕೆಳಗೆ ಮಟ್ಟಸವಾದ ಜಾಗ ಬೇಕು. ನರ್ಸರಿಯಲ್ಲಿ ಎಲ್ಲ ಉಬ್ಬುತಗ್ಗು. ಸುತ್ತಮುತ್ತ ಮಟ್ಟಸವಾಗಿದ್ದದ್ದು ದೂಜನ ಹೋಟೆಲಿನ ಕಡಪ ಕಲ್ಲಿನ ಮೇಜು ಒಂದೇ. ಶಿವಕುಮಾರಿ ಹೋಗಿ ಕೇಳಿದಳು. ದೂಜ ಎರಡು ಸಲ “ಸಾಧ್ಯವೇ ಇಲ್ಲ” ಎಂದು, ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ತಾನೇ ಮೇಜು ಒರೆಸುತ್ತಿದ್ದ. ನಿನ್ನೆ ಜೋರಾಗಿ ಬಾಯಿಬಿಟ್ಟದ್ದಕ್ಕೆ ಅವನಿಗೂ ಒಳಗೊಳಗೇ ಬೇಜಾರಿತ್ತು.

ಕ್ಲಚ್ಚು ಮೇಜೇರಿತು. ತಾಟಿನಲ್ಲಿ ನೀರು ಹಾಕಿದ ಕೂಡಲೇ ಅದು ದೂಜನ ಕಡೆಯ ಅಂಚಿಗೆ ಹರಿಯಿತು.

“ಆ ಬಾಜೂ ಇಳದೈತಿ, ಏರಸ್ರಿ. ಇಷ್ಟಲ್ಲರಿ, ಜರಾ. ರೀ, ಜರಾ ಅಂದೆ! ರೊಟ್ಟಿಗೆ ಉಪ್ಪು ಹಾಕ್ದಂಗ.”

ಒಂದು ಗಂಟೆ ಅವಳು ಹೇಳಿದಳು, ಅವನು ನಟ್ಟು ತಿರುವಿದ. ಕಡೆಗೆ ತಾಟಿನ ನೀರು ಸುತ್ತಲೂ ಒಂದೇ ಸಮ ನಿಂತಿತು. ಇನ್ನು ಉಳಿದದ್ದು ಎರಡು ಮಿಲಿಮೀಟರಿನ ಸಂದು. ಅಳೆಯುವ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಗುರಲಿಂಗಪ್ಪ ಸ್ಕೇಲಿಟ್ಟುಕೊಂಡು ಚಮಚದ ಹಿಡಿ, ಬೀಗದ ಕೈ, ಹೋಟೆಲಿನ ಬಿಲ್ಲೆ ಎಲ್ಲ ಅಳೆದ. ಯಾವುದೂ ಸರಿಹೋಗಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಹೆಂಡತಿಯ ಕೈಯ ಹಸಿರು ಗಾಜಿನ ಬಳೆಯ ಮೇಲೆ ಬಿತ್ತು. ಸ್ಕೇಲು ಹಿಡಿದ. ಕರಾರುವಾಕ್ಕಾಗಿ ಎರಡು ಗೆರೆ.

“ಒಂದs ಒಂದು ಕೊಡು.”

“ಜ್ವಾಕಿ ಮತ್ತ!” ಎಂದು ಅವಳು ಬಿಚ್ಚಿ ಕೊಟ್ಟಳು. ಮೊದಲನೇ ಸ್ಕ್ರೂ ಸರಿಯಾಯಿತು. ಎರಡನೆಯದರಲ್ಲಿ ಟಕ್ ಎಂದು ಬಳೆ ಎರಡಾಯಿತು. ಗುರಲಿಂಗಪ್ಪ ಉಸಿರು ಹಿಡಿದುಕೊಂಡು ಅವಳ ಮುಖ ನೋಡಿದ. “ಒಡೀತು ಅನಬಾರದು, ಬಳಿ ಹೆಚ್ಚಿತು ಅನ್ರಿ,” ಎಂದು ಕೆನ್ನೆ ಮುಟ್ಟಿಕೊಂಡು ಶಿವಕುಮಾರಿ ತುಂಡನ್ನೆತ್ತಿ ಕೊಟ್ಟಳು. “ಈ ತುಂಡು ಇನ್ನೂ ಛಲೋ, ಸಂದ್ಯಾಗ ನೆಟ್ಟಗ ಹೋಗತೈತಿ ನೋಡ್ರಿ.” ಹಾಗೆಯೇ ಹೋಯಿತು. ಅವಳು ನಕ್ಕಳು. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಮೂರನೇ ಸ್ಕ್ರೂವನ್ನು ಎರಡು ಸಲ ಸರಿಮಾಡಿದ.

ಭಾನುವಾರ ಹತ್ತು ಗಂಟೆ. ಏಳು ಟವರಿನ ಕಮಿಟಿಯವರೆಲ್ಲ ತಮ್ಮ ತಮ್ಮ ಕಾರುಗಳ ಮುಂದೆ ಕಾವಲು ನಿಂತಿದ್ದರು. ಗಾಡಿ ಉಳಿಯುತ್ತದೋ ಗುಜರಿಗೆ ಹೋಗುತ್ತದೋ ನೋಡಲು ಶರಣಬಸಪ್ಪನೂ ಬಂದಿದ್ದ. ದೂಜ ಮುನ್ನೆಚ್ಚರಿಕೆಯಾಗಿ ಕೊಡೆ ತಂದಿದ್ದ. ಸೀಟಿನ ಮೇಲೆ ಶಿವಕುಮಾರಿ, ಪೈಪು ಹಿಡಿದು ಗುರಲಿಂಗಪ್ಪ.

ದಾಸವಾಳದ ಸಾಲಿನ ಎದುರಿಗೆ ಬಂದು ಅವಳು ಅರ್ಧ ಪೆಡಲು ತುಳಿದಳು. ಟ್ರ್ಯಾಕ್ಟರು ತಣ್ಣಗೆ ನಿಂತಿತು. ಪಂಪು ತಿರುಗುತ್ತಲೇ ಇತ್ತು, ನೀರು ಗಿಡದ ಬುಡಕ್ಕೆ ಬೀಳುತ್ತಲೇ ಇತ್ತು. ಅವಳು ಪೂರ್ತಿ ತುಳಿದಳು. ನೀರು ನಿಂತಿತು. ಒಂದು ಕಾರೂ ಒದ್ದೆಯಾಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ, ಇಪ್ಪತ್ತು ಗಿಡ. ಗುರಲಿಂಗಪ್ಪನ ಕಣ್ಣು ಮಂಜಾಯಿತು, ಒಂದು ದಾಸವಾಳಕ್ಕೆ ಸ್ವಲ್ಪ ಹೆಚ್ಚೇ ನೀರು ಬಿತ್ತು.

“ವಾಹ್ ಆಂಟಿ, ಏಕ್‌ದಮ್ ಬರೋಬರ್!” ವಿಜೇತಾ ಚಪ್ಪಾಳೆ ತಟ್ಟಿದಳು. “ನಾಳೆಯಿಂದ ಚಾಲೂ ಮಾಡಿ, ಒನ್ ಇಯರ್. ಲೇಕಿನ್ ಇಷ್ಟು ಹಳೇ ಗಾಡಿ, ಇಷ್ಟು ಪರ್ಫೆಕ್ಟ್ ಕ್ಲಚ್! ರಿಪೇರಿ ಯಾರು ಮಾಡಿದ್ದು?”

ಗುರಲಿಂಗಪ್ಪ ಪೈಪು ಸುತ್ತತೊಡಗಿದ. ಶಿವಕುಮಾರಿ ಸೀಟಿನ ಮೇಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಮತ್ಯಾರು ಮಾಡ್ತಾರವ್ವಾ? ನಮ್ಮ ಯಜಮಾನ್ರು. ಮೂವತ್ತೊಂದು ವರ್ಷ ಕ್ಲಚ್ ಸೆಕ್ಷನ್ನಿನಾಗ ಇದ್ದವರು!”

ಹಿಂದಿನಿಂದ ಯಾರೋ ಜೋರಾಗಿ ಕೆಮ್ಮಿದರು. ಅದು ದೂಜ. ಗುರಲಿಂಗಪ್ಪ ಹೆಂಡತಿಯನ್ನು ನೋಡಿದ. ಅವಳು ನೋಡದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಎಂಥ ಹೆಣ್ಣು ಕಟ್ಟಿಕೊಂಡೆನಪ್ಪಾ ಎಂದು ಅವನ ಎದೆ ತುಂಬಿ ಬಂತು. ಮದುವೆಯ ದಿನವೂ ಇಷ್ಟು ಖುಷಿಯಾಗಿರಲಿಲ್ಲ. ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದು, ನಾಳೆಯಿಂದ ಪೈಪು ಹಿಡಿಯಲು ಹೆಣ್ಣುಮಕ್ಕಳು ಬರುತ್ತಾರೆ, ತಾನು ಎಂಟರವರೆಗೆ ಮಲಗಬಹುದು ಎಂದು ನಿಶ್ಚಿಂತೆಯಿಂದ ನಿದ್ದೆ ಹೋದ.

ಸೋಮವಾರ ಬೆಳಿಗ್ಗೆ ಆರೂವರೆಗೆ ಅವನನ್ನು ಎಬ್ಬಿಸಿದ್ದು ಗುಡುಗು. ಮಳೆಗಾಲವೂ ಅಲ್ಲ. ನರ್ಸರಿಗೆ ಓಡಿ ಬಂದು ನೋಡಿದರೆ ಗೇಟಿನಿಂದ ಎಸ್ಟೇಟಿನ ತಿರುವಿನವರೆಗೆ ಸಾಲಾಗಿ ನಾಲ್ಕು ಹಳೇ ಟ್ರ್ಯಾಕ್ಟರುಗಳು. ಮುಂದಿನದರಲ್ಲಿ ಶರಣಬಸಪ್ಪ.

“ಮಾಮಾ, ನಿನ್ನಿ ನಿಮ್ಮ ಕೈಗುಣ ನೋಡಿ ಬಾಯಾಗ ಬೆರಳಿಟ್ಟೆ! ತಬೇಲಾದ ಮಾಲಕರಿಗೆ ಹೇಳ್ದೆ. ನಾಕೂ ಗಾಡೀದು ಕ್ಲಚ್ಚು ಬಿಗಡಾಯಿಸ್ಯಾವ. ಒಯ್ಯಿ ಅಂದ್ರು. ಬಾಜೂ ತಬೇಲಾದವರೂ ಕೇಳಾಕತ್ಯಾರ.”

ಗುರಲಿಂಗಪ್ಪ ಗಾಡಿಗಳನ್ನು ಇನ್ನೊಮ್ಮೆ ಎಣಿಸಿದ. ಒಂದು ಕ್ಲಚ್ಚಿಗೆ ಒಂದು ಹೋಟೆಲು ಮುಳುಗಿತ್ತು, ನಾಲ್ಕಕ್ಕೆ ಕಾಂದಿವಲಿ ಉಳಿದೀತೇ? ಮೂವತ್ತೊಂದು ವರ್ಷದ ಸುಳ್ಳು ಸಾಕೇ ಸಾಕು ಎನ್ನಿಸಿತು. ಜೀವಮಾನದಲ್ಲಿ ಮೊದಲ ಸಲ, ರಸ್ತೆಯ ನಡುವೆ ನಿಂತು, ಗಟ್ಟಿ ದನಿಯಲ್ಲಿ ನಿಜ ಹೇಳಿದ.

“ಶರಣಬಸಪ್ಪಾ, ಖರೇ ಹೇಳ್ತೀನಿ ಕೇಳು. ನಾ ಕ್ಲಚ್ಚಿನಾಂವ ಅಲ್ಲ! ನಾ ಸೀಟು ಕೂಡಸ್ತಿದ್ದೆ! ಬರೇ ಸೀಟು!”

ಶರಣಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಏನ್ ಮಾಮಾ ನೀವು! ದೊಡ್ಡ ಮಂದಿ ಎಷ್ಟು ಸಣ್ಣಾಗಿ ಮಾತಾಡ್ತೀರಿ! ನಾ ಕಣ್ಣಾರೆ ನೋಡೀನಿ!”

“ಅಯ್ಯೋ, ನನ್ನ ಮಾತು ನಂಬೋ! ದೂಜಾ, ನೀನರ ಹೇಳೋ ಮಾರಾಯಾ!”

ದೂಜ ಹೊರಗೆ ಬಂದ. ನಾಲ್ಕು ಟ್ರ್ಯಾಕ್ಟರು ನೋಡಿದ. ಅವುಗಳ ಮೇಲೆ ಹಸಿದು ಕುಳಿತಿದ್ದ ಎಂಟು ಜನರನ್ನು ನೋಡಿದ. ನಾಲ್ಕು ಗಾಡಿ ಎಂದರೆ ಕಡಿಮೆಯೆಂದರೂ ವಾರದ ಕೆಲಸ, ವಾರದ ನಾಷ್ಟಾ.

“ಇವರದ್ದು ಯಾವಾಗಲೂ ಹೀಗೇ,” ಎಂದ ದೂಜ, ಸತ್ಯಹರಿಶ್ಚಂದ್ರನ ಮುಖ ಮಾಡಿಕೊಂಡು. “ಹೊಗಳಿದ್ರೆ ನಾಚಿಕೆ. ಬನ್ನಿ ಬನ್ನಿ, ಇಡ್ಲಿ ಬಿಸಿ ಉಂಟು.”

ಗುರಲಿಂಗಪ್ಪ ಕಡೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದ. ಶಿವಕುಮಾರಿ ಆಗಲೇ ನೀಲಿ ಟ್ರ್ಯಾಕ್ಟರಿನ ಸೀಟೇರಿ ಕುಳಿತಿದ್ದಳು. ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಟ್ಯಾಂಕರಿನ ಹಿಂದೆ ನಿಂತಿದ್ದರು.

“ಏ ಶಿವಕುಮಾರಿ, ನೀನರ ಖರೇ ಹೇಳ!”

“ಖರೇನs ಹೇಳೀನಿ, ನಿನ್ನಿ ಎಲ್ಲಾರ ಮುಂದ,” ಎಂದಳು ಅವಳು, ನಗು ತಡೆದುಕೊಂಡು. “ಲಗೂನ ಶುರು ಮಾಡ್ರಿ. ಮಟ್ಟ ನೋಡಾಕ ಮಧ್ಯಾಹ್ನ ನಾ ಬರ್ತೀನಿ. ಅಷ್ಟರಾಗ ನಾಕೂ ಬಿಚ್ಚಿ ಇಡ್ರಿ.”

ಅವಳು ಗಾಡಿ ಹೊರಡಿಸಿಕೊಂಡು ಹೋದಳು. ಗುರಲಿಂಗಪ್ಪ ಅಂಗಿಯ ತೋಳು ಮಡಚಿ, ಪಾನಾ ಹಿಡಿದುಕೊಂಡು, ಕ್ಲಚ್ ಸೆಕ್ಷನ್ನಿನಲ್ಲಿ ತನ್ನ ಮೊಟ್ಟಮೊದಲ ದಿನದ ಡ್ಯೂಟಿಗೆ ಟ್ರ್ಯಾಕ್ಟರಿನ ಕೆಳಗೆ ನುಗ್ಗಿದ.